ಅಳಿಸಿದ ಸಾಲು

ಚಾಮರಾಜನಗರದ ಒಂದು ಖಾಸಗಿ ಡಿ.ಎಡ್. ಕಾಲೇಜಿನಲ್ಲಿ ರಂಜಿನಿ ಕಂಪ್ಯೂಟರ್ ಆಪರೇಟರ್ ಆಗಿದ್ದಳು. ಸೇರಿ ಎರಡು ವರ್ಷವಾಗಿದ್ದರೂ ಕೆಲಸ ಕಾಯಂ ಆಗಿರಲಿಲ್ಲ. ೨೦೦೭ರಲ್ಲಿ ಕಾಲೇಜಿಗೆ ಬ್ರಾಡ್‌ಬ್ಯಾಂಡ್ ಬಂತು. ಒಂದೇ ಲೈನು, ಎಂಟು ಕಂಪ್ಯೂಟರು. ತಿಂಗಳಿಗೆ ಇಷ್ಟೇ ಡೇಟಾ ಎಂಬ ಮಿತಿಯಿತ್ತು. ಅದು ಮುಗಿದ ದಿನ ಪ್ರಿನ್ಸಿಪಾಲರು ಮೋಡೆಮ್ಮಿನ ವೈರು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಮೊದಮೊದಲು ಇಪ್ಪತ್ತೈದನೇ ತಾರೀಖಿನವರೆಗೆ ಬರುತ್ತಿದ್ದದ್ದು ನಾಲ್ಕನೇ ತಿಂಗಳಲ್ಲಿ ಹತ್ತಕ್ಕೇ ಮುಗಿಯಿತು.

ಕಾಲೇಜಿನ ಸೆಕ್ರೆಟರಿ ಸೋಮಶೇಖರ್ ರಂಜಿನಿಯನ್ನು ಕರೆದರು.

"ಯಾರು ಎಷ್ಟು ಎಳೀತಾರೆ ಪತ್ತೆ ಮಾಡಮ್ಮ. ಯಾರಿಗೂ ಹೇಳ್ಬೇಡ. ಜೂನ್‌ನಲ್ಲಿ ನಿನ್ನ ಕಾಯಂ ಆರ್ಡರ್ ಮಾಡಿಸ್ಕೊಡ್ತೀನಿ."

ಲೈನು ಹಾದುಬರುತ್ತಿದ್ದದ್ದು ಅವಳ ಕಂಪ್ಯೂಟರಿನ ಮೂಲಕವೇ. ಅದಕ್ಕೊಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿದಳು. ಯಾವ ಕಂಪ್ಯೂಟರು ದಿನಕ್ಕೆ ಎಷ್ಟು ಬಳಸಿತೆಂದು ಅದು ಬರೆದಿಡುತ್ತಿತ್ತು. ಅಂಕಪಟ್ಟಿ ಟೈಪು ಮಾಡಿ ಬೇಸತ್ತಿದ್ದವಳಿಗೆ ಮೊದಲ ಸಲ ತಲೆ ಓಡಿಸುವ ಕೆಲಸ ಸಿಕ್ಕಿತ್ತು. ತನ್ನೂರು ಹರದನಹಳ್ಳಿಯಿಂದ ಮೊದಲ ಬಸ್ಸಿಗೇ ಬಂದು ಅಂಕಿ ನೋಡುವಳು.

ತಿಂಗಳ ಕೊನೆಗೆ ಪ್ರಿಂಟ್ ತೆಗೆದಳು. ಮೊದಲನೇ ಸಾಲಿನಲ್ಲಿದ್ದದ್ದು ಸೆಕ್ರೆಟರಿಯ ರೂಮಿನ ಕಂಪ್ಯೂಟರು. ಅರ್ಧಕ್ಕಿಂತ ಹೆಚ್ಚು ಡೇಟಾ ಅಲ್ಲೇ ಹೋಗಿತ್ತು. ಸಂಜೆ ಕಾಲೇಜು ಬಿಟ್ಟ ಮೇಲೆ ಅವರ ಮಗ ಬಂದು ಸಿನಿಮಾ ಇಳಿಸಿ ಸೀಡಿಗೆ ಹಾಕಿಕೊಂಡು ಹೋಗುತ್ತಿದ್ದ. ಎರಡನೇ ಸಾಲು ಲೈಬ್ರರಿಯದು, ಮೊದಲನೆಯದರ ಕಾಲು ಭಾಗವೂ ಇಲ್ಲ. ಅಲ್ಲಿನ ಅಟೆಂಡರ್ ಲಿಂಗಯ್ಯ ಪುಣಜನೂರಿನವನು. ಕಾಡಂಚಿನ ಊರುಗಳಿಂದ ಬರುವ ಹುಡುಗಿಯರು ಇಂಗ್ಲಿಷಿಗೆ ಹೆದರುತ್ತಾರೆಂದು ಪಾಠದ ಆಡಿಯೋ ಇಳಿಸಿ, ಮಧ್ಯಾಹ್ನ ಹೆಡ್‌ಫೋನಿನಲ್ಲಿ ಕೇಳಿಸುತ್ತಿದ್ದ. ಇಳಿಸುವುದನ್ನು ಹೇಳಿಕೊಟ್ಟವಳು ರಂಜಿನಿಯೇ.

ಸೋಮಶೇಖರ್ ಹಾಳೆ ನೋಡಿ ಮೇಜಿನ ಮೇಲಿಟ್ಟರು.

"ತಪ್ಪು ತೋರಿಸ್ತಿದೆ."

"ಇಲ್ಲ ಸಾರ್, ಎರಡು ಸಲ ನೋಡಿದೀನಿ."

"ನನ್ನ ರೂಮಿಂದು ಆಡಳಿತದ ಕೆಲಸ. ಅದನ್ನ ಇದರಲ್ಲಿ ಸೇರಿಸ್ಬಾರ್ದು. ಮೊದಲನೇ ಸಾಲು ತೆಗೆದು ಇನ್ನೊಂದು ಪ್ರಿಂಟ್ ಕೊಡು." ಅವಳು ಹಾಳೆ ತೆಗೆದುಕೊಳ್ಳಲಿಲ್ಲ. "ಜೂನ್ ಹತ್ರ ಬಂತಲ್ಲಮ್ಮ," ಎಂದರು.

ರಂಜಿನಿ ಆ ಸಾಲು ಅಳಿಸಿದಳು. ಲಿಂಗಯ್ಯನಿಗೆ ಬಯ್ದು ಬಿಡುತ್ತಾರೆ, ಅಷ್ಟೇ ಅಂದುಕೊಂಡಳು.

ಆಡಳಿತ ಕಮಿಟಿಯ ಸಭೆಗೆ ಲಿಂಗಯ್ಯನನ್ನು ಕರೆಸಿದರು. ಹಾಳೆಯಲ್ಲಿ ಎಲ್ಲರಿಗಿಂತ ಮೇಲೆ ಅವನ ಲೈಬ್ರರಿ.

"ಹೆಣ್ಣೈಕ್ಳಿಗೆ ಪಾಠ ಕೇಳ್ಸಕ್ಕೆ ಸಾರ್," ಅಂದ. "ರಂಜಿನಿಗೂ ಗೊತ್ತು." ಅವಳ ಕಡೆ ತಿರುಗಿ ನೋಡಿದ.

"ಗೊತ್ತೇನಮ್ಮ?" ಎಂದರು ಸೋಮಶೇಖರ್.

"ಇಷ್ಟೊಂದು ಅಂತ ಗೊತ್ತಿರ್ಲಿಲ್ಲ ಸಾರ್."

ಹನ್ನೊಂದು ವರ್ಷ ದುಡಿದವನಿಗೆ ನಾಳೆಯಿಂದ ಬರಬೇಡ ಎಂದರು. ಹೆಡ್‌ಫೋನುಗಳು ಸ್ಟೋರ್ ರೂಮ್ ಸೇರಿದವು. ಮುಂದಿನ ತಿಂಗಳು ಡೇಟಾ ಎಂಟನೇ ತಾರೀಖಿಗೇ ಮುಗಿಯಿತು. ಯಾಕೆಂದು ಯಾರೂ ಕೇಳಲಿಲ್ಲ. ಆ ಸಾಫ್ಟ್‌ವೇರ್ ಇನ್ನು ಬೇಡ, ತೆಗೆದುಬಿಡು ಎಂದರು ಸೆಕ್ರೆಟರಿ. ಜೂನ್‌ನಲ್ಲಿ ಆರ್ಡರ್ ಬಂತು. ರಂಜಿನಿಯ ಅವ್ವ ಸಣ್ಣಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಮಗಳ ಕೈಗೂ ಒಂದು ಚಿಟಿಕೆ ಹಾಕಿದಳು. ರಂಜಿನಿ ಅದನ್ನು ಬಾಯಿಗಿಡಲಿಲ್ಲ.

ಆರು ತಿಂಗಳ ಮೇಲೆ ಪರೀಕ್ಷೆಯ ಕೆಲಸಕ್ಕೆಂದು ಗುಂಡ್ಲುಪೇಟೆಗೆ ಹೋದಾಗ, ಊಟಿ ರಸ್ತೆಯ ಒಂದು ಲಾಡ್ಜಿನಲ್ಲಿ ರಿಜಿಸ್ಟರ್ ಮುಂದೆ ಕೂತಿದ್ದ ಲಿಂಗಯ್ಯ ಕಂಡ. ದಾಟಿ ಹೋಗಿದ್ದವಳು ವಾಪಸು ಬಂದಳು.

"ಲಿಂಗಣ್ಣ, ಆ ಪಟ್ಟೀಲಿ ಮೊದಲ್ನೇ ಸಾಲು ಸೆಕ್ರೆಟರಿ ರೂಮಿಂದು. ನಾನೇ ಅಳಿಸ್ದೆ."

"ಗೊತ್ತಿತ್ತು ಕಣಮ್ಮಿ. ಅವ್ರ ಮಗ ಸೀಡಿ ತಕ್ಕಂಡೋಗದ್ನ ನಾನು ಕಂಡಿಲ್ವಾ? ಅದ್ಕಲ್ಲ ನಂಗೆ ಒಟ್ಟೆ ಉರ್ದದ್ದು. 'ಇಳಿಸ್ಕಳದ ಏಳ್ಕೊಟ್ಟೋಳು ನಾನೇ' ಅಂತ ಒಂದು ಮಾತು ಅಂದೀಯ ಅಂತ ಕಾದೆ."

"ಕೆಲ್ಸ ಹೋಗ್ಬುಡುತ್ತೆ ಅಂತ..."

"ಓಯ್ತಲ್ಲ. ನಂದು."

ಅಷ್ಟರಲ್ಲಿ ಕೇರಳದ ಕಡೆಯ ಸಂಸಾರವೊಂದು ಬ್ಯಾಗು ಹೊತ್ತು ಒಳಗೆ ಬಂತು. ಲಿಂಗಯ್ಯ ರಿಜಿಸ್ಟರನ್ನು ಅವರ ಮುಂದೆ ತಳ್ಳಿ, ಹರುಕುಮುರುಕು ಮಲಯಾಳದಲ್ಲಿ ಹೆಸರು ಕೇಳತೊಡಗಿದ. ರಂಜಿನಿ ಬಾಗಿಲ ಕಡೆ ನಡೆದಳು. ಅವನು ಮತ್ತೆ ತಲೆಯೆತ್ತಲಿಲ್ಲ.