ದಾರಿಯಂಚಿನ ಹಸಿರು

ಅರಣ್ಯ ಇಲಾಖೆಯ ಪಾರಾಖತ್ ಸಾಹೇಬರು ಮಾಡಿದ ಮಣ್ಣಿನ ನಕ್ಷೆಯಲ್ಲಿ, ನಮ್ಮೂರಿನ ಎದುರು ಬತ್ತಿ ಬಿದ್ದಿರುವ ಅರಾಲ್ ಸಮುದ್ರದ ತಳವೆಲ್ಲ ಒಂದೇ ಹಳದಿ. ಹಳದಿ ಎಂದರೆ ಮರಳು, ಉಪ್ಪಿನ ಧೂಳು ತಡೆಯುವ ಸಕ್ಸಾವುಲ್ ಮರದ ಸಸಿ ಬೇರು ಬಿಡುವ ಜಾಗ. ನಕ್ಷೆ ಮಾಡುವಾಗ ಅವರ ಲಾರಿ ಓಡಿದ್ದು ಚಕ್ರ ಹೂಳದ ಗಟ್ಟಿ ಮರಳಿನ ಮೇಲೆ; ಗುಂಡಿ ತೋಡಿ ಮಣ್ಣು ನೋಡಿದ್ದೂ ಲಾರಿ ನಿಂತಲ್ಲೇ. ಒಳಗಿನ ಉಬ್ಬಿದ ಉಪ್ಪುನೆಲಕ್ಕೆ ಯಾವ ಮಹಾರಾಯ ಕಾಲಿಟ್ಟಿದ್ದ?

ನೆಟ್ಟವರು ನಾವು ಹೆಂಗಸರು, ನಕ್ಷೆ ಹೇಳಿದಂತೆ. ಬೇಸಿಗೆಗೆ ಲಾರಿ ಓಡಿದ ದಾರಿಯ ಎರಡೂ ಮಗ್ಗುಲು ಹಸಿರು; ಸ್ವಲ್ಪ ಒಳಗೆ ಹೋದರೆ ಬರೀ ಒಣಕಡ್ಡಿ. ಉಪ್ಪಿನ ಗಾಳಿ ಏಳುವುದು ಅಲ್ಲಿಂದಲೇ, ಇಳಿಯುವುದು ನನ್ನ ಗಂಡ ಬೀಸೆನ್‌ನ ಎದೆಗೆ. ಊರು ಬಿಟ್ಟು ಹೋಗೋಣವೆಂದರೆ ಪ್ರಯಾಣ ತಡೆಯುವ ಶಕ್ತಿ ಅವನಿಗಿಲ್ಲ. ಮರ ಏಳುವ ತನಕ ಹೇಗಾದರೂ ಜೀವ ಹಿಡಿದುಕೊಂಡಿರು ಎಂದು ನಾನವನಿಗೆ ಹೇಳುತ್ತಾ ಬಂದಿದ್ದೆ.

ನೆಟ್ಟದ್ದು ಹಿಡಿದಿದೆಯೇ ಎಂದು ನೋಡಲು ಬಂದವರೂ ಅದೇ ಪಾರಾಖತ್ ಸಾಹೇಬರು. ಲಾರಿ ಇಳಿದ ಕೂಡಲೇ ಎದುರು ನಿಂತೆ.

"ಚಹಾ ಆಮೇಲೆ ಸಾಹೇಬ್ರೆ. ಮೊದ್ಲು ಒಳಗೆ ನಡೀರಿ, ನಿಮ್ಮ ಹಳದಿ ಎಷ್ಟು ಹಳದಿ ಅಂತ ನೋಡೀರಂತೆ."

"ಬಾಯಿ ಮುಚ್ಚೇ ಸರ್ಬಿನಾಜ್! ಅತಿಥಿ ಇನ್ನೂ ರೊಟ್ಟಿ ಮುರಿದಿಲ್ಲ!" ನಮ್ಮ ತಂಡದ ಹಿರಿಯಳಾದ ತಾಜಾಗುಲ್ ಅಕ್ಕ ನನ್ನ ತೋಳು ಚಿವುಟಿದಳು. ಚಿವುಟಲಿ, ಮಾನ ಮರ್ಯಾದೆ ಕಟ್ಟಿಕೊಂಡು ನನಗೇನಾಗಬೇಕು?

ಸಾಹೇಬರು ನಗುತ್ತಾ ನಾಲ್ಕು ಹೆಜ್ಜೆ ಇಟ್ಟರು. ಬೂಟು ಹಿಮ್ಮಡಿ ಮುಳುಗುವಷ್ಟು ಕುಸಿಯಿತು. "ಅಯ್ಯಯ್ಯೋ!" ಎನ್ನುತ್ತಾ ವಾಪಸು ಬಂದು ಕೊಡವಿಕೊಂಡರು. "ಎಲ್ಲೋ ಒಂದು ತುಂಡು ಹೀಗಿರತ್ತಮ್ಮ. ನಕ್ಷೆ ಅಂದ್ಮೇಲೆ ಅಷ್ಟಿಷ್ಟು ಹೆಚ್ಚುಕಮ್ಮಿ ಇದ್ದದ್ದೇ."

"ತುಂಡಲ್ಲ ಸಾಹೇಬ್ರೆ, ಒಳಗೆಲ್ಲಾ ಹಿಂಗೇನೆ! ಅಲ್ಲಿ ಕಾಲುವೆ ತೋಡಿ, ಮರಳು ತುಂಬಿ, ಮತ್ತೆ ನೆಡ್ಬೇಕು. ನೆಡೋಕೆ ಅಂತ ಕೊಟ್ಟಿದ್ದ ಟ್ರ್ಯಾಕ್ಟರ್ ಇಲ್ಲೇ ಬಿಡಿ, ನಿಮ್ಮ ದಮ್ಮಯ್ಯ."

ಅವರು ಲಾರಿ ಹತ್ತಿದರು. ದಾರಿಯುದ್ದಕ್ಕೂ ಹಸಿರು ನೋಡಿಕೊಂಡು ಹೋಗಿ ಬಂದು, ಇಲ್ಲಿ ಕಾಡು ಹಿಡಿದಿದೆ, ಮತ್ತೆ ನೆಡುವುದು ಬೇಕಿಲ್ಲ ಎಂದುಬಿಟ್ಟರು. ಸಂಜೆಯೊಳಗೆ ಟ್ರ್ಯಾಕ್ಟರೂ ಹೊರಟುಹೋಯಿತು, ಅದೇ ನಕ್ಷೆಯ ಇನ್ನೊಂದು ಹಳದಿಗೆ.

ಮನೆಯಲ್ಲಿ ಬೀಸೆನ್ ಗೋಡೆಗೊರಗಿ ಕಾಯುತ್ತಿದ್ದ. "ಏನಂದ್ರು ನಿನ್ನ ಸಾಹೇಬ್ರು?"

"ಕಾಡು ಹಿಡಿದಿದೆಯಂತೆ."

"ಮತ್ಯಾಕೆ ಮುಖ ಹಿಂಗೆ ಗಂಟು ಹಾಕ್ಕೊಂಡಿದೀಯ? ನಗೋಕೂ ಅವರ ಅಪ್ಪಣೆ ಬೇಕಾ?" ಎಂದು ನಕ್ಕ. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ. "ಹಂಗಾದ್ರೆ ಉಪ್ಪುಧೂಳಿಗೆ ಅಂತ ತುರುಕಿದ ಆ ಕಿಟಕಿ ಸಂದಿಯ ಬಟ್ಟೆ ತೆಗಿಯೇ. ಗಾಳಿ ಬರ್ಲಿ."

ಇನ್ನೊಂದು ಬಟ್ಟೆ ಒದ್ದೆ ಮಾಡಿ ತಂದು, ಅವನ ಕಣ್ಣೆದುರೇ ಅದೇ ಸಂದಿಗೆ ತುರುಕಿದೆ. ಅವನು ಆ ಬಟ್ಟೆಯನ್ನು ನೋಡಿ, ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡ.