ನೊಗಾಲೆಸ್ ಕಾಳಗದಲ್ಲಿ ಬಿದ್ದವಳು

ಮೊದಲ ಗುಂಡಿನ ಸದ್ದಿಗೇ ವೈದೇಹಿ ಬೆಚ್ಚಿಬಿದ್ದಳು. ಸುಳ್ಳು ಗುಂಡು, ಬರೀ ಮದ್ದು, ಸೀಸ ಇರುವುದಿಲ್ಲ ಎಂದು ಮಗಳು ಅಮೂಲ್ಯಾ ಹತ್ತು ಸಲ ಹೇಳಿದ್ದಳು. ಆದರೂ ಬಯಲಿನ ಅಂಚಿಗೆ ಕಟ್ಟಿದ್ದ ಹಗ್ಗವನ್ನು ಆಕೆ ಎರಡೂ ಕೈಯಿಂದ ಹಿಡಿದುಕೊಂಡಳು.

ಆಗಸ್ಟ್ ತಿಂಗಳ ಬ್ಯಾಂಕ್ ಹಾಲಿಡೇ, ಊರಿಗೆಲ್ಲ ರಜೆ. ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜಿನ ಹೊರಗಿನ ಆ ಬಯಲಿನಲ್ಲಿ ಹಳೆಯ ಕಾಳಗಗಳನ್ನು ಆಡಿ ತೋರಿಸುವ ಸಂಘವೊಂದು ಹಲಗೆಯ ಊರು ಕಟ್ಟಿತ್ತು. ಅಮೂಲ್ಯಾ ಅಲ್ಲೇ ಯೂನಿವರ್ಸಿಟಿಯಲ್ಲಿ ಇತಿಹಾಸ ಓದುತ್ತಿದ್ದಳು. ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಗಡಿಯುದ್ಧದ ಮೇಲೆ ಪ್ರಬಂಧ ಬರೆಯಲು ಹೋಗಿ ಈ ಸಂಘಕ್ಕೂ ಸೇರಿಕೊಂಡಿದ್ದಳು. ಮೈಬಣ್ಣ ನೋಡಿ ಅವಳನ್ನು ಮೆಕ್ಸಿಕೊ ಕಡೆಗೆ ಹಾಕಿದ್ದರು. ಅದಕ್ಕವಳು ನಕ್ಕಿದ್ದಳು, ವೈದೇಹಿ ನಕ್ಕಿರಲಿಲ್ಲ.

ಬೆಳಿಗ್ಗೆ ಪಿನ್ನರ್ ಬಡಾವಣೆಯ ತಮ್ಮ ಮನೆಯಲ್ಲಿ ಅವಲಕ್ಕಿ ತಿನ್ನುತ್ತ ಮಗಳು ಇಡೀ ಕಥೆ ಹೇಳಿದ್ದಳು. ನೊಗಾಲೆಸ್ ಎಂಬ ಊರು. ನಡುವೆ ಬೇಲಿಯಿಲ್ಲ, ಒಂದು ಬೀದಿ ಅಷ್ಟೆ. ಈ ಬದಿ ಅಮೆರಿಕ, ಆ ಬದಿ ಮೆಕ್ಸಿಕೊ. ೧೯೧೮ರ ಆಗಸ್ಟಿನಲ್ಲಿ ಒಬ್ಬಾತ ಗಂಟು ಹೊತ್ತು ಬೀದಿ ದಾಟುತ್ತಿದ್ದ. ಇತ್ತಲಿಂದ ನಿಲ್ಲು ಎಂದರು, ಅತ್ತಲಿಂದ ಬಾ ಎಂದರು. ಯಾರೋ ಗುಂಡು ಹಾರಿಸಿದರು. ಸಂಜೆಯೊಳಗೆ ಎರಡೂ ಕಡೆ ಹೆಣ ಬಿದ್ದಿದ್ದವು. ನಿಲ್ಲಿಸಿ ಎಂದು ಕೋಲಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಂದ ಆ ಬದಿಯ ಮೇಯರನಿಗೂ ಗುಂಡು ಬಿತ್ತು.

"ಮೇಯರ್ ಬಿದ್ದ ಮೇಲೆ ನಾನು ಬೀಳೋದು. ಆಫ್ಟರ್ ಹಿಮ್."

"ಇನ್‌ಹೇಲರ್ ಎಲ್ಲೈತಿ?"

"ಇನ್ ಮೈ ಬ್ಯಾಗ್, ಅಮ್ಮಾ."

"ಬ್ಯಾಗ್ ಟೆಂಟಿನ್ಯಾಗ ಇರ್ತದ, ನೀ ಬಯಲಿನ್ಯಾಗ ಇರ್ತಿ. ಕಿಸೆದಾಗ ಇಟ್ಕೋ."

"ಆ ಸ್ಕರ್ಟಿಗೆ ಪಾಕೆಟ್ಟೇ ಇಲ್ಲ. ಐ ಆಮ್ ಟ್ವೆಂಟಿ. ಪ್ಲೀಸ್!"

ವೈದೇಹಿ ತಟ್ಟೆ ಎತ್ತಿಕೊಂಡು ಎದ್ದಿದ್ದಳು. ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಡಾಕ್ಟರಾಗಿ, ಇಪ್ಪತ್ತು ವರ್ಷದಿಂದ ಲಂಡನ್ನಿನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಕೆಲಸ ಆಕೆಯದು. ಪರರ ಉಸಿರು ಕಾಯುವುದರಲ್ಲಿ ಎಂದೂ ಹೆದರಿದವಳಲ್ಲ. ಆದರೆ ಅಮೂಲ್ಯಾ ಒಂಬತ್ತು ವರ್ಷದವಳಿದ್ದಾಗ ಆಸ್ತಮಾ ಕೆರಳಿ ಎರಡು ದಿನ ಐಸಿಯುನಲ್ಲಿದ್ದಳು. ಆ ಎರಡು ದಿನ ಇನ್ನೂ ವೈದೇಹಿಯ ಮೈಯಿಂದ ಇಳಿದಿರಲಿಲ್ಲ.

ಈಗ ಹಲಗೆಯ ಮನೆಗಳ ಮುಂದೆ ಹೊಗೆಡಬ್ಬಿಗಳು ಸಿಡಿದವು. ಬೂದುಬಣ್ಣದ ದಟ್ಟ ಹೊಗೆ ಗಾಳಿಯಿಲ್ಲದೆ ನೆಲದ ಮೇಲೇ ಕೂತುಬಿಟ್ಟಿತು. ಗುಂಡಿನ ಸದ್ದು ಎಡೆಬಿಡದೆ ಕೇಳುತ್ತಿತ್ತು. ಒಬ್ಬೊಬ್ಬರಾಗಿ ಬೀಳತೊಡಗಿದರು, ಕೈಚಾಚಿ, ಕೂಗಿ, ಅಂದವಾಗಿ. ಜನ ಫೋನ್ ಎತ್ತಿ ಹಿಡಿದಿದ್ದರು.

ಮೇಯರ್ ಇನ್ನೂ ಬಂದಿರಲಿಲ್ಲ. ಅಮೂಲ್ಯಾ ಓಡುತ್ತಿದ್ದವಳು ನಿಂತಳು. ಬಾಗಿ, ಎರಡೂ ಕೈಗಳನ್ನು ಮೊಣಕಾಲ ಮೇಲೆ ಊರಿದಳು. ಭುಜಗಳು ಮೇಲೇರಿ ಇಳಿಯುತ್ತಿದ್ದವು. ಉಸಿರಿಗೆ ಒದ್ದಾಡುವವರು ಹಾಗೆ ನಿಲ್ಲುವುದನ್ನು ವೈದೇಹಿ ಸಾವಿರ ಸಲ ನೋಡಿದ್ದಳು. ಮರುಕ್ಷಣವೇ ಹೊಗೆ ಮುಚ್ಚಿಕೊಂಡಿತು.

"ನಿಲ್ಲಿಸಿ!" ಎಂದು ಆಕೆ ಇಂಗ್ಲಿಷಿನಲ್ಲಿ ಕೂಗಿದಳು. ಹಳದಿ ಜಾಕೆಟ್ಟಿನ ಮೇಲ್ವಿಚಾರಕ ಓಡಿಬಂದು ಅಡ್ಡ ನಿಂತ.

"ಹಗ್ಗದ ಹಿಂದೆಯೇ ಇರಬೇಕು, ಮ್ಯಾಡಮ್."

"ನನ್ನ ಮಗಳಿಗೆ ಉಸಿರು ಕಟ್ಟಿದೆ. ನಾನು ಡಾಕ್ಟರ್."

"ನಾವು ಸೀಟಿ ಊದುವವರೆಗೂ ಬಿದ್ದವರು ಅಲುಗಾಡುವುದಿಲ್ಲ, ಅದೇ ನಿಯಮ. ಚೆನ್ನಾಗಿ ನಟಿಸುತ್ತಿದ್ದಾರೆ, ಹೆದರಬೇಡಿ."

ವೈದೇಹಿ ಅವನ ತೋಳಿನಡಿ ನುಸುಳಿ ಒಳಗೆ ಓಡಿದಳು. ಹಿಂದೆ ಜನ ಚಪ್ಪಾಳೆ ತಟ್ಟಿದರು, ಇವಳೂ ಆಟದವಳೇ ಎಂದುಕೊಂಡು.

ಹೊಗೆಯೊಳಗೆ ನಾಲ್ಕು ಮಾರು ದೂರವೂ ಕಾಣುತ್ತಿರಲಿಲ್ಲ. ಎಲ್ಲೆಲ್ಲೂ ಮೈಗಳು. ಬಿಳಿ ರವಿಕೆ, ಕಂದು ಸ್ಕರ್ಟು, ಎಲ್ಲ ಹುಡುಗಿಯರದೂ ಅದೇ ವೇಷ. ಒಬ್ಬಳ ಭುಜ ಹಿಡಿದು ಹೊರಳಿಸಿದಳು. ಹಸಿರು ಕಣ್ಣಿನ ಹುಡುಗಿ, "ನಾನು ಸತ್ತಿದ್ದೀನಿ!" ಎಂದು ಪಿಸುಗುಟ್ಟಿದಳು. ಇನ್ನೊಬ್ಬಳು ಕಣ್ಣೇ ತೆರೆಯಲಿಲ್ಲ. ವೈದೇಹಿ ಕೊರಳಿಗೆ ಬೆರಳಿಟ್ಟು ನೋಡಿ ಮುಂದೆ ಹೋದಳು. ಕಿವಿಯ ಪಕ್ಕದಲ್ಲೇ ಬಂದೂಕು ಸಿಡಿಯಿತು. ಮಗಳ ಹೆಸರು ಕೂಗುತ್ತಿದ್ದದ್ದು ಆಕೆಗೇ ಕೇಳಿಸುತ್ತಿರಲಿಲ್ಲ.

ಅಮೂಲ್ಯಾ ಹಲಗೆಯ ಗೋಡೆಗೆ ಒರಗಿ ಬಿದ್ದಿದ್ದಳು. ಕಣ್ಣು ತೆರೆದೇ ಇದ್ದವು. ತುಟಿ ನೀಲಿಗಟ್ಟಿತ್ತು. ವೈದೇಹಿ ಎದೆಗೆ ಕಿವಿಯಿಟ್ಟಳು. ಸುಯ್‌ಗುಟ್ಟುವ ಸದ್ದು ಕೇಳಿದ್ದರೆ ಎಷ್ಟೋ ವಾಸಿಯಿತ್ತು. ಏನೂ ಕೇಳಲಿಲ್ಲ. ಗಾಳಿ ಒಳಗೆ ಹೋಗುತ್ತಲೇ ಇರಲಿಲ್ಲ.

ಟೆಂಟು ಬಯಲಿನ ಆ ತುದಿಗಿತ್ತು. ಓಡಿ ಹೋಗಿ ಬರುವಷ್ಟರಲ್ಲಿ? ಮಗಳನ್ನು ಬಿಟ್ಟು ಏಳಲು ಕಾಲು ಬರಲಿಲ್ಲ. "ಇನ್‌ಹೇಲರ್! ಯಾರ ಹತ್ರಾದ್ರೂ ಐತೇನು?" ಎಂದು ಅರಚಿದಳು. ಕನ್ನಡದಲ್ಲಿ ಅರಚಿದ್ದು ಆಮೇಲೆ ತಿಳಿಯಿತು.

ಇನ್‌ಹೇಲರ್ ಎಂಬ ಒಂದು ಪದ ಸಾಕಾಯಿತು. ಅಮೆರಿಕದ ಸಿಪಾಯಿಯ ವೇಷದಲ್ಲಿದ್ದ ದಪ್ಪನೆಯ ನಡುವಯಸ್ಸಿನವನೊಬ್ಬ ಬಂದೂಕು ಬಿಸಾಡಿ ಬಂದು ಮಂಡಿಯೂರಿದ. ಸೊಂಟದ ಗುಂಡಿನ ಚೀಲದಿಂದ ನೀಲಿ ಇನ್‌ಹೇಲರ್ ತೆಗೆದ. "ನನ್ನದು," ಎಂದ ಏದುಸಿರು ಬಿಡುತ್ತ. ವೈದೇಹಿ ಅವನ ನೀರಿನ ಪ್ಲಾಸ್ಟಿಕ್ ಬಾಟಲಿ ಕಿತ್ತುಕೊಂಡು, ನೀರು ಚೆಲ್ಲಿ, ಅವನದೇ ಚಾಕುವಿನಿಂದ ತಳಕ್ಕೆ ತೂತು ಕೊರೆದು ಇನ್‌ಹೇಲರ್ ಸಿಕ್ಕಿಸಿದಳು. ಔಷಧದ ಮಂಜು ಬಾಟಲಿಯಲ್ಲಿ ನಿಂತರೆ ಸಣ್ಣ ಉಸಿರಿಗೂ ಸಿಗುತ್ತದೆ. ಬಾಟಲಿಯ ಬಾಯಿ ಮಗಳ ಬಾಯಿಗೆ. ಒಂದು ಸಲ ಒತ್ತಿದಳು. ಇನ್ನೊಂದು ಸಲ. "ಉಸಿರೆಳಿ, ಪುಟ್ಟಿ. ಸ್ವಲ್ಪ ಎಳಿ."

ಸಿಪಾಯಿ ಎದ್ದು ಕೈ ಬೀಸಿ ಕೂಗಿದ. ಕೊನೆಗೂ ಸೀಟಿ ಕೇಳಿಸಿತು. ಬಂದೂಕುಗಳು ನಿಂತವು. ಸುತ್ತಲೂ ಸತ್ತವರೆಲ್ಲ ಎದ್ದು ಮೈಯ ಹುಲ್ಲು ಕೊಡವಿಕೊಂಡರು, ಕೆಲವರು ನಗುತ್ತಿದ್ದರು. ಆಮೇಲೆ ಇತ್ತ ನೋಡಿ ಹಿಂದೆ ಸರಿದು ಜಾಗ ಬಿಟ್ಟರು.

ಏಳನೆಯ ಸಲಕ್ಕೆ ಎದೆಯೊಳಗೆ ಸಣ್ಣಗೆ ಸಿಳ್ಳೆಯಂಥ ಸದ್ದು ಹುಟ್ಟಿತು. ವೈದೇಹಿಗೆ ಅಳು ಬಂತು, ಆದರೆ ಒತ್ತುವುದನ್ನು ನಿಲ್ಲಿಸಲಿಲ್ಲ. ಆಂಬ್ಯುಲೆನ್ಸಿನವರು ಬಂದು ಆಮ್ಲಜನಕ ಹಚ್ಚಿದ ಮೇಲೂ ಆಕೆಯ ಬೆರಳು ಬಾಟಲಿ ಬಿಡಲಿಲ್ಲ. ಒಬ್ಬಾತ ಮೆಲ್ಲಗೆ ಬಿಡಿಸಿಕೊಳ್ಳಬೇಕಾಯಿತು.

ಸಂಜೆ ಆಸ್ಪತ್ರೆಯ ವಾರ್ಡಿಗೆ ಗಂಡ ಸತ್ಯಪ್ರಕಾಶ ಓಡುತ್ತ ಬಂದ. ಅಮೂಲ್ಯಾ ಮಾಸ್ಕ್ ಸರಿಸಿ ಅಪ್ಪನಿಗೆ ನಗು ತೋರಿಸಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು.

"ನೀನು ಕೂಗೋದು ಕೇಳಿಸ್ತಾ ಇತ್ತು. ಐ ಕುಡ್‌ನ್ಟ್ ಆನ್ಸರ್. ಪೀಪಲ್ ವರ್ ಕ್ಲ್ಯಾಪಿಂಗ್, ಅಮ್ಮಾ."

"ಮಾತಾಡಬ್ಯಾಡ. ಮಾಸ್ಕ್ ಹಾಕ್ಕೋ."

"ಇನ್ನ ಭಯ ಇಲ್ಲಂತ ಡಾಕ್ಟರ್ ಹೇಳ್ಯಾರಲ್ಲ," ಎಂದ ಸತ್ಯಪ್ರಕಾಶ. "ಏಳು, ಕೆಳಗ ಹೋಗಿ ಏನರ ತಿಂದು ಬರೂಣು."

"ನೀವು ಹೋಗಿ ಬರ್ರಿ."

ಅವನು ಹೋದ. ಮಾನಿಟರಿನ ತೆರೆಯ ಮೇಲೆ ಉಸಿರು, ಆಮ್ಲಜನಕದ ಅಂಕಿಗಳು ಚೆನ್ನಾಗಿಯೇ ಇದ್ದವು. ವೈದೇಹಿ ಅವನ್ನು ನಂಬಲಿಲ್ಲ. ಮಗಳು ನಿದ್ದೆಹೋದ ಮೇಲೆ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಹೊದಿಕೆ ಏರಿ ಇಳಿಯುವುದನ್ನು ನೋಡುತ್ತ ಕೂತಳು.