ರಸಮಟ್ಟಕ್ಕೆ ಒಪ್ಪದ ಪಾತಿ

ಹಂಬೋಲ್ಟ್ ಬೆಟ್ಟಸೀಮೆಯಲ್ಲಿ ಬಡಗಿ ಡ್ವೇನನ ಕೆಲಸದಲ್ಲಿ ಹುಳುಕು ತೆಗೆಯುವವರಿರಲಿಲ್ಲ. ಬೆಳೆಗಾರ್ತಿ ವೆರ್ನಾಳ ಗಾಂಜಾ ಬೆಳೆಸುವ ಕೋಣೆಗೆ ಅವನು ರೆಡ್‌ವುಡ್ ಮರದ ಹಲಗೆಯಿಂದ ಪೆಟ್ಟಿಗೆಯಂಥ ಪಾತಿ ಕಟ್ಟಿ, ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ನೀರು ಬಸಿಯಲು ಒಂದು ತುದಿಯಲ್ಲಿ ಕೊಳವೆ ಕೂರಿಸಿದ್ದ. ಸಮ ಇದೆಯೇ ಎಂದು ರಸಮಟ್ಟ ಇಟ್ಟರೆ ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು. ಹಲಗೆಯ ಮೇಲೆ ತನ್ನ ಹೆಸರನ್ನೂ ಬರೆದ. ತಾನು ಮೆಚ್ಚಿದ ಕೆಲಸಕ್ಕಷ್ಟೇ ಅವನು ಹೆಸರು ಬರೆಯುತ್ತಿದ್ದದ್ದು.

ಪಾತಿಗೆ ತುಂಬುವ ಮಣ್ಣನ್ನು ವೆರ್ನಾ ಚಳಿಗಾಲವಿಡೀ ಮಗುವಿನಂತೆ ಸಾಕಿದ್ದಳು. ಎಲೆಗೊಬ್ಬರ, ಏಡಿಚಿಪ್ಪಿನ ಪುಡಿ, ಎರೆಹುಳು ಎಲ್ಲ ಸೇರಿದ ಆ ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ, ಬೆರಳು ತಾಗಿಸಿದರೆ ಪುಡಿ. ಅಂಥದ್ದನ್ನು ಡ್ವೇನ್ ಬೇರೆಲ್ಲೂ ಕಂಡಿರಲಿಲ್ಲ.

"ತುಂಬೋಣ್ವಾ?" ಎಂದು ಸಲಿಕೆ ಎತ್ತಿದ.

"ತಡಿಯೋ ಮಾರಾಯ," ಎನ್ನುತ್ತ ವೆರ್ನಾ ಖಾಲಿ ಪಾತಿಗೆ ಒಂದು ಬಕೆಟ್ ನೀರು ಸುರಿದಳು. ಕೊಳವೆಯಿಂದ ಒಂದಿಷ್ಟು ಹನಿ ಉದುರಿತು. ಉಳಿದ ನೀರು ಕನ್ನಡಿಯಂತೆ ಹರಡಿ ನಿಂತಿತು.

"ಇದರ ಮೇಲೆ ಬಿಲಿಯರ್ಡ್ಸ್ ಆಡಬಹುದು ಕಣೋ. ಗಿಡ ಇಟ್ರೆ ಬೇರು ಕೊಳೆಯುತ್ತೆ."

ಡ್ವೇನನ ಮುಖ ಕೆಂಪಾಯಿತು. "ಕೂದಲೆಳೆಯಷ್ಟೂ ಓರೆಯಿಲ್ಲ, ನೋಡ್ಕೋ!"

"ಅದೇ ಇದರ ರೋಗ. ನೀರಿಗೆ ಇಳಿಯೋಕೆ ದಾರಿ ಬೇಡ್ವಾ?"

ಅವಳು ಪಾತಿಯ ಕೊಳವೆಯಿಲ್ಲದ ತುದಿಯನ್ನು ಹಾರೆಯಿಂದ ಮೀಟಿ, ಮರದ ಚಕ್ಕೆಯೊಂದನ್ನು ಕಾಲಿನಿಂದಲೇ ಅದರಡಿಗೆ ತಳ್ಳಿದಳು. ನಿಂತ ನೀರು ಮೆಲ್ಲಗೆ ಸರಿದು ಕೊಳವೆಯಲ್ಲಿ ಗಳಗಳನೆ ಇಳಿದುಹೋಯಿತು.

ಡ್ವೇನ್ ಮತ್ತೆ ರಸಮಟ್ಟ ಇಟ್ಟ. ಗುಳ್ಳೆ ಓಡಿಹೋಗಿ ಒಂದು ಕೊನೆಗೆ ಅಂಟಿಕೊಂಡಿತು. ಅವನು ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಮೊಣಕಾಲೂರಿ ಬಗ್ಗಿ, ಆ ಚಕ್ಕೆಯ ಮೇಲೆ ವೆರ್ನಾಳ ಹೆಸರು ಬರೆದ.